ಹಾಡು ರೆಕಾರ್ಡ್ ಮಾಡುವ ಡಬ್ಬಿಯೇ ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸ್ ಆಗುತ್ತದೆಯೇ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಶಿವಮೊಗ್ಗ, ಭದ್ರಾವತಿ ಕಡೆಯ ಭಜನಾ ಮಂಡಳಿ, ಸುಗಮ ಸಂಗೀತ ಮತ್ತು ನಾಟಕದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿರುಗುತ್ತಿರುವ ಒಂದು ಸಂದೇಶವನ್ನು ಓದುಗರೊಬ್ಬರು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಸಂದೇಶದ ಸಾರ ಇಷ್ಟು: ನಿಮ್ಮ ಹತ್ತಿರ ಕೈಯಲ್ಲಿ ಹಿಡಿಯುವ ಮಲ್ಟಿಟ್ರ್ಯಾಕ್ ರೆಕಾರ್ಡರ್ ಇದ್ದರೆ ಆಡಿಯೋ ಇಂಟರ್‌ಫೇಸ್‌ಗೆಂದು ಬೇರೆ ದುಡ್ಡು ಹಾಕಬೇಡಿ. ಯುಎಸ್‌ಬಿ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಸ್ಟುಡಿಯೋ ಗುಣಮಟ್ಟ ಬರುತ್ತದೆ. ಕಾರ್ಡ್‌ನಲ್ಲೂ ಕಂಪ್ಯೂಟರಿನಲ್ಲೂ ಎರಡೂ ಕಡೆ ಸೇವ್ ಆಗುವುದರಿಂದ ರೆಕಾರ್ಡಿಂಗ್ ಕಳೆದುಹೋಗುವ ಭಯವೇ ಇಲ್ಲ.

ಮೊದಲ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ಅರ್ಧ ನಿಜ. ಮೂರನೆಯದು ಬಹಳಷ್ಟು ರೆಕಾರ್ಡರ್‌ಗಳ ಮಟ್ಟಿಗೆ ಸುಳ್ಳು, ಮತ್ತು ಮೂರರಲ್ಲಿ ನಷ್ಟ ತರುವುದೂ ಅದೇ. ಅದನ್ನು ನಂಬಿ ನಾವೇ ಒಮ್ಮೆ ಕೈಸುಟ್ಟುಕೊಂಡಿದ್ದೇವೆ. ಆ ಕಥೆ ಮುಂದೆ ಬರುತ್ತದೆ.

ಡಬ್ಬಿಯೊಳಗೆ ಏನೇನಿದೆ?

ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಅಂಥ ರೇಡಿಯೋ ಕೇಂದ್ರದ ಸ್ಟುಡಿಯೋದಲ್ಲಿ ಮೈಕ್ ಒಂದು ಕಡೆ, ಅದರ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಯಂತ್ರ ಇನ್ನೊಂದು ಕಡೆ, ಕೊನೆಗೆ ಧ್ವನಿಯನ್ನು ಉಳಿಸಿಡುವ ಯಂತ್ರ ಮತ್ತೊಂದು ಕಡೆ ಇರುತ್ತವೆ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಇವೆಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿಸಿದೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್ ವಿದ್ಯುತ್. ಅದನ್ನು ಪ್ರೀಆ್ಯಂಪ್ ಹಿಗ್ಗಿಸುತ್ತದೆ. ಆಮೇಲೆ ಪರಿವರ್ತಕ ಎಂಬ ಚಿಪ್ ಅದನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳು ಕೊನೆಗೆ ಮೆಮೊರಿ ಕಾರ್ಡ್‌ಗೆ ಹೋಗಿ ಕೂರುತ್ತವೆ.

ಇಂಟರ್‌ಫೇಸ್ ಮೋಡ್‌ಗೆ ಹಾಕಿದಾಗ ಬದಲಾಗುವುದು ಈ ಕೊನೆಯ ಹೆಜ್ಜೆ. ಮೈಕ್ ಅದೇ, ಪ್ರೀಆ್ಯಂಪ್ ಅದೇ, ಪರಿವರ್ತಕವೂ ಅದೇ. ಅಂಕಿಗಳು ಕಾರ್ಡ್‌ಗೆ ಹೋಗುವ ಬದಲು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಹರಿಯುತ್ತವೆ. ಕಂಪ್ಯೂಟರಿನ ಸದ್ದು ಅದೇ ತಂತಿಯಲ್ಲಿ ವಾಪಸು ಬಂದು ರೆಕಾರ್ಡರಿನ ಹೆಡ್‌ಫೋನ್ ತೂತಿನಲ್ಲಿ ಕೇಳಿಸುತ್ತದೆ. ಅಂದರೆ ಡಬ್ಬಿ ಈಗ ಕಿವಿಯ ಕೆಲಸ ಮಾಡುತ್ತಿದೆ, ನೆನಪಿನ ಕೆಲಸ ಕಂಪ್ಯೂಟರಿನ ಹೆಗಲಿಗೆ ಹೋಗಿದೆ.

ಇಷ್ಟು ಗೊತ್ತಿದ್ದರೆ ಫಾರ್ವರ್ಡ್‌ನ ಎರಡನೆಯ ಮಾತಿನ ನಿಜ ತಾನಾಗಿಯೇ ತಿಳಿಯುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದ ಮಾತ್ರಕ್ಕೆ ಗುಣಮಟ್ಟ ಏರುವುದಿಲ್ಲ, ಏರಿಸುವಂಥದ್ದು ನಡುವೆ ಏನೂ ಸೇರಿಲ್ಲ. ಕೆಲವು ಸಲ ಇಳಿಯಲೂಬಹುದು. ನಮ್ಮಲ್ಲಿ ಹೆಚ್ಚು ಓಡಾಡುವ ಝೂಮ್ ಎಚ್4ಎನ್ ಎಂಬ ಮಾದರಿಯನ್ನೇ ನೋಡಿ. ಕಾರ್ಡ್‌ಗೆ ಬರೆಯುವಾಗ ಅದು ಸ್ಟೀರಿಯೋದಲ್ಲಿ 96 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. ಇಂಟರ್‌ಫೇಸ್ ಆದಾಗ 44.1 ಇಲ್ಲವೇ 48 ಮಾತ್ರ. ಹಾಡಿಗೂ ಮಾತಿಗೂ 48 ಧಾರಾಳವಾಗಿ ಸಾಕು ಎನ್ನುವುದು ಬೇರೆ ವಿಷಯ. ಆದರೆ ಸಿಕ್ಕಿಸಿದೊಡನೆ ಸ್ಟುಡಿಯೋ ಆಯಿತು ಎಂಬ ನಂಬಿಕೆಗೆ ಆಧಾರವಿಲ್ಲ.

ಹಾಗಾದರೆ ಅರ್ಧ ನಿಜ ಎಂದು ಏಕೆ ಹೇಳಿದೆವು? ಹೋಲಿಕೆ ಯಾವುದರ ಜೊತೆ ಎಂಬುದು ಮುಖ್ಯ. ಲ್ಯಾಪ್‌ಟಾಪಿನ ಸಣ್ಣ ಮೈಕ್ ತೂತಿಗೆ ವೇದಿಕೆಯ ಮೈಕನ್ನು ಯಾವುದೋ ಕನ್ವರ್ಟರ್ ಪಿನ್ ಹಾಕಿ ಸಿಕ್ಕಿಸುವವರಿದ್ದಾರೆ. ಆ ತೂತು ಇರುವುದು ಫೋನಿನ ಹೆಡ್‌ಸೆಟ್‌ಗೆ. ಅಲ್ಲಿ ಬರುವ ‘ಸ್ಸ್ಸ್’ ಸದ್ದಿಗೆ ಹೋಲಿಸಿದರೆ ರೆಕಾರ್ಡರಿನ ಮೂಲಕ ಬರುವ ಧ್ವನಿ ಎಷ್ಟೋ ಶುಭ್ರ. ಮನೆಯಲ್ಲಿ ಕೂತು ಭಾವಗೀತೆ ಹಾಡಿ ಸೇರಿಸುವವರಿಗೆ, ಯೂಟ್ಯೂಬ್‌ಗೆ ಪಾಠ ಹೇಳುವ ಮೇಷ್ಟ್ರಿಗೆ ಇಷ್ಟು ಸಾಕೇ ಸಾಕು. ಇಂಥವರು ಬೇರೆ ಇಂಟರ್‌ಫೇಸ್ ಕೊಳ್ಳುವ ಅಗತ್ಯವಿಲ್ಲ ಎಂಬ ಮಾತನ್ನು ನಾವೂ ಒಪ್ಪುತ್ತೇವೆ.

‘ಎರಡೂ ಕಡೆ ಸೇವ್ ಆಗುತ್ತೆ’

ಈಗ ನಮ್ಮ ಕಥೆ. ಭದ್ರಾವತಿಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಸೋಬಾನೆ ಪದ ಹಾಡಲು ಒಪ್ಪಿದ್ದರು. ಬಹಳ ದಿನ ಕೇಳಿಕೊಂಡ ಮೇಲೆ ಸಿಕ್ಕ ಒಪ್ಪಿಗೆ ಅದು. ನಾವು ರೆಕಾರ್ಡರನ್ನು ಇಂಟರ್‌ಫೇಸ್ ಮಾಡಿಕೊಂಡು ಲ್ಯಾಪ್‌ಟಾಪ್ ತೆರೆದು ಕೂತೆವು. ತೆರೆಯ ಮೇಲೆ ಅಲೆಗಳು ಕಾಣುತ್ತಿದ್ದವು, ರೆಕಾರ್ಡರಿನ ಮೀಟರೂ ಕುಣಿಯುತ್ತಿತ್ತು. ಎರಡೂ ಕಡೆ ದಾಖಲಾಗುತ್ತಿದೆ ಎಂದೇ ನಂಬಿದ್ದೆವು. ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಅದೂ ಕೂಡಲೇ ಕಣ್ಣು ಮುಚ್ಚಿತು. ರೆಕಾರ್ಡರಿಗೆ ವಿದ್ಯುತ್ ಬರುತ್ತಿದ್ದುದು ಲ್ಯಾಪ್‌ಟಾಪಿನಿಂದಲೇ ಆದ್ದರಿಂದ ಅದೂ ಸತ್ತಿತು. ಮನೆಗೆ ಬಂದು ಕಾರ್ಡ್ ತೆಗೆದು ನೋಡಿದರೆ ಖಾಲಿ. ಲ್ಯಾಪ್‌ಟಾಪಿನಲ್ಲಿ ಹೆಕ್ಕಿ ತೆಗೆಯಲು ಆದದ್ದು ಹನ್ನೊಂದು ನಿಮಿಷ. ಮತ್ತೊಮ್ಮೆ ಹೋದಾಗ ಅಜ್ಜಿಗೆ ಉಸಿರು ಸಾಲುತ್ತಿರಲಿಲ್ಲ. ಎರಡು ಪದ ಹೇಳಿ ಸಾಕು ಎಂದರು.

ತಪ್ಪು ಯಂತ್ರದ್ದಲ್ಲ, ನಮ್ಮದೇ. ಎಚ್4ಎನ್ ಆಗಲಿ, ಎಂಟು ಮೈಕ್‌ಗಳನ್ನು ಏಕಕಾಲಕ್ಕೆ ತೆಗೆದುಕೊಳ್ಳುವ ಝೂಮ್ ಆರ್16 ಆಗಲಿ, ಇಂಟರ್‌ಫೇಸ್ ಮೋಡ್‌ನಲ್ಲಿರುವಾಗ ಕಾರ್ಡ್‌ಗೆ ಬರೆಯುವುದಿಲ್ಲ. ಮೀಟರ್ ಕುಣಿಯುವುದು ಧ್ವನಿ ಒಳಗೆ ಬರುತ್ತಿದೆ ಎಂಬುದಕ್ಕೆ ಗುರುತೇ ಹೊರತು ಉಳಿಯುತ್ತಿದೆ ಎಂಬುದಕ್ಕಲ್ಲ. ಎರಡನ್ನೂ ಒಟ್ಟಿಗೆ ಮಾಡುವ ರೆಕಾರ್ಡರ್‌ಗಳು ಇಲ್ಲವೆಂದಲ್ಲ. ಸಿನಿಮಾದವರು ಬಳಸುವ ಝೂಮ್ ಎಫ್8ಎನ್‌ನಲ್ಲಿ ಕಾರ್ಡ್‌ಗೆ ಬರೆಯುತ್ತಲೇ ಕಂಪ್ಯೂಟರಿಗೂ ಕಳಿಸುವ ಆಯ್ಕೆ ಪ್ರತ್ಯೇಕವಾಗಿಯೇ ಇದೆ. ನಿಮ್ಮದರಲ್ಲಿ ಇದೆಯೇ ಎಂದು ತಿಳಿಯಲು ಒಂದು ನಿಮಿಷದ ಪರೀಕ್ಷೆ ಸಾಕು. ಇಂಟರ್‌ಫೇಸ್ ಮೋಡ್‌ನಲ್ಲಿ ಏನಾದರೂ ಮಾತಾಡಿ, ನಿಲ್ಲಿಸಿ, ಕಾರ್ಡ್ ತೆಗೆದು ನೋಡಿ. ಫಾರ್ವರ್ಡ್ ಮಾಡಿದವರನ್ನು ಕೇಳುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಅಂದಿನಿಂದ ನಾವು ಇಟ್ಟುಕೊಂಡಿರುವ ಲೆಕ್ಕ ಸರಳ. ಮತ್ತೆ ಸಿಗದ ಧ್ವನಿಗೆ ಕಾರ್ಡ್, ಮತ್ತೆ ಹೇಳಿಸಬಹುದಾದ್ದಕ್ಕೆ ಕೇಬಲ್.

ಶಿವಮೊಗ್ಗದ ಸುತ್ತಮುತ್ತ ಇದು ಸಣ್ಣ ಮಾತಲ್ಲ. ತುಂಗೆಯ ದಂಡೆಯ ಮತ್ತೂರು–ಹೊಸಹಳ್ಳಿ ಅವಳಿ ಊರುಗಳು ಗಮಕಕ್ಕೆ ಹೆಸರಾದವು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅಂಥ ಕಂಠ ಇನ್ನೊಂದು ದಿನ ಮತ್ತೆ ಸಿಗುವುದಿಲ್ಲ. ಗಮಕದಲ್ಲಿ ಇಬ್ಬರಿರುತ್ತಾರೆ: ಕಾವ್ಯ ವಾಚಿಸುವವರು ಒಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ಇಬ್ಬರಿಗೂ ಒಂದೊಂದು ಮೈಕ್ ಇಟ್ಟು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದರೆ, ಒಬ್ಬರ ಕೆಮ್ಮು ಇನ್ನೊಬ್ಬರ ಪದ್ಯವನ್ನು ಕೆಡಿಸದಂತೆ ಆಮೇಲೆ ಸರಿಪಡಿಸಬಹುದು. ಮಲ್ಟಿಟ್ರ್ಯಾಕ್‌ನ ಉಪಯೋಗವೇ ಇದು. ಅದಕ್ಕೆ ಸ್ಥಳದಲ್ಲಿ ಲ್ಯಾಪ್‌ಟಾಪ್ ಬೇಕಾಗಿಯೇ ಇಲ್ಲ. ಹೊಸ ಬ್ಯಾಟರಿ, ಖಾಲಿ ಕಾರ್ಡ್, ಅಷ್ಟೇ. ಲ್ಯಾಪ್‌ಟಾಪ್ ಮನೆಗೆ ಬಂದ ಮೇಲಿನ ಕೆಲಸಕ್ಕೆ ಇರಲಿ.

ಎಷ್ಟು ಟ್ರ್ಯಾಕ್ ಒಳಗೆ ಹೋಗುತ್ತದೆ?

ಡಬ್ಬಿಯ ಮೇಲೆ ನಾಲ್ಕು ಟ್ರ್ಯಾಕ್ ಎಂದು ಬರೆದಿದೆ ಎಂದರೆ ಕಂಪ್ಯೂಟರಿಗೂ ನಾಲ್ಕು ಹೋಗುತ್ತದೆ ಎಂದಲ್ಲ. ಎಚ್4ಎನ್ ಕಾರ್ಡ್‌ಗೆ ನಾಲ್ಕು ಚಾನೆಲ್ ಬರೆಯಬಲ್ಲದು, ಇಂಟರ್‌ಫೇಸ್ ಆಗಿ ಎರಡನ್ನೇ ಕಳಿಸುತ್ತದೆ. ಎಚ್6 ಆರು ಕಳಿಸುತ್ತದೆ, ಆರ್16 ಎಂಟು. ಎಚ್6ನಲ್ಲಿ ಸ್ಟೀರಿಯೋ ಮತ್ತು ಮಲ್ಟಿಟ್ರ್ಯಾಕ್ ಎಂದು ಎರಡು ದಾರಿಗಳಿವೆ. ಸ್ಟೀರಿಯೋ ಆರಿಸಿದರೆ ವಿಂಡೋಸ್ ಏನನ್ನೂ ಕೇಳದೆ ಗುರುತಿಸುತ್ತದೆ, ಆದರೆ ಎಲ್ಲ ಮೈಕ್‌ಗಳೂ ಬೆರೆತು ಎರಡೇ ಚಾನೆಲ್ ಆಗಿ ಬರುತ್ತವೆ. ಬೆರೆತದ್ದನ್ನು ಆಮೇಲೆ ಬಿಡಿಸಲಾಗದು, ಉಪ್ಪಿಟ್ಟಿನಿಂದ ಉಪ್ಪು ತೆಗೆದ ಹಾಗೆ. ಮಲ್ಟಿಟ್ರ್ಯಾಕ್ ಬೇಕೆಂದರೆ ವಿಂಡೋಸ್‌ಗೆ ಕಂಪನಿಯ ಡ್ರೈವರ್ ಹಾಕಲೇಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಟ್ಯಾಸ್ಕಾಮ್‌ನ ಡಿಆರ್-40 ಇಂಟರ್‌ಫೇಸ್ ಆಗುವುದಿಲ್ಲ, ಆಮೇಲೆ ಬಂದ ಡಿಆರ್-40ಎಕ್ಸ್ ಆಗುತ್ತದೆ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ. ‘ಯುಎಸ್‌ಬಿ ಇದೆ’ ಎಂದು ಮಾರುವವರು ಹೇಳಿದರೆ ಸಾಲದು. ಫೈಲ್ ನಕಲು ಮಾಡಿಕೊಳ್ಳಲಷ್ಟೇ ಯುಎಸ್‌ಬಿ ಇರುವ ರೆಕಾರ್ಡರ್‌ಗಳು ಬೇಕಾದಷ್ಟಿವೆ. ಹಳೆಯ ಮಾದರಿಗೆ ಈಗಿನ ವಿಂಡೋಸ್‌ನಲ್ಲಿ ಓಡುವ ಡ್ರೈವರ್ ಸಿಗುತ್ತದೆಯೇ ಎಂದೂ ದುಡ್ಡು ಕೊಡುವ ಮುಂಚೆಯೇ ನೋಡಿಕೊಳ್ಳಿ.

ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಮಾತ್ರ ಇದಕ್ಕಿಂತ ಸರಳ. ಕೇಬಲ್ ಸಿಕ್ಕಿಸಿದಾಗ ರೆಕಾರ್ಡರ್ ತನ್ನ ಪುಟ್ಟ ತೆರೆಯಲ್ಲಿ ಸ್ಟೋರೇಜ್ ಬೇಕೋ, ಆಡಿಯೋ ಇಂಟರ್‌ಫೇಸ್ ಬೇಕೋ ಎಂದು ಕೇಳುತ್ತದೆ. ಅವಸರದಲ್ಲಿ ಸ್ಟೋರೇಜ್ ಒತ್ತಿದರೆ ಅದು ಪೆನ್‌ಡ್ರೈವ್ ಆಗಿ ಕೂರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮೈಕ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇನ್ನೊಂದು, ಚಾರ್ಜಿಂಗ್‌ಗಷ್ಟೇ ಬರುವ ಅಗ್ಗದ ಕೇಬಲ್. ಅದರೊಳಗೆ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ.

ಶ್ರುತಿ ಏರಿತು, ದನಿ ತಡವಾಯಿತು

ರೆಕಾರ್ಡ್ ಮಾಡಿದ ಹಾಡು ಶ್ರುತಿ ಬಿಟ್ಟು ಕೇಳಿಸುತ್ತಿದೆ, ಗಾಯಕಿ ಚೆನ್ನಾಗಿಯೇ ಹಾಡಿದ್ದರು ಎಂದು ಕೆಲವರು ಬರೆಯುತ್ತಾರೆ. ರೆಕಾರ್ಡರ್ 44.1ರಲ್ಲಿ, ಕಂಪ್ಯೂಟರಿನ ಪ್ರಾಜೆಕ್ಟ್ 48ರಲ್ಲಿ ಇದ್ದು, ನಡುವೆ ಯಾರೂ ಹೊಂದಿಸದಿದ್ದರೆ ಹೀಗಾಗಬಹುದು. 48ನ್ನು 44.1ರಿಂದ ಭಾಗಿಸಿದರೆ ಸುಮಾರು 1.09. ಹಾಡು ಅಷ್ಟು ಪಾಲು ವೇಗವಾಗಿ ಓಡುತ್ತದೆ, ಹಾರ್ಮೋನಿಯಂ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದೂವರೆ ಮನೆ ಮೇಲೇರುತ್ತದೆ. ಎರಡೂ ಕಡೆ 48 ಎಂದೇ ಇಟ್ಟುಬಿಡಿ. ವಿಡಿಯೋಗೆ ಹೊಂದುವುದೂ ಅದೇ.

ಇನ್ನೊಂದು ತೊಂದರೆ ತಡ. ತಬಲಾ ಟ್ರ್ಯಾಕ್ ಕೇಳುತ್ತ ಅದರ ಮೇಲೆ ಹಾಡುವಾಗ ನಿಮ್ಮದೇ ದನಿ ಹೆಡ್‌ಫೋನಿನಲ್ಲಿ ಒಂದು ಕ್ಷಣ ಹಿಂದೆ ಬಿದ್ದು ಕೇಳಿಸುತ್ತದೆ. ದನಿ ಕಂಪ್ಯೂಟರಿಗೆ ಹೋಗಿ ಬರಬೇಕು. ಕಂಪ್ಯೂಟರ್ ಅದನ್ನು ಒಂದೊಂದೇ ಅಂಕಿಯಾಗಿ ತೆಗೆದುಕೊಳ್ಳದೆ ಗೊಂಚಲು ಗೊಂಚಲಾಗಿ ತೆಗೆದುಕೊಳ್ಳುತ್ತದೆ. ಆ ಗೊಂಚಲಿಗೆ ಬಫರ್ ಎಂದು ಹೆಸರು. 1024ರ ಬಫರ್ ಎಂದರೆ 48 ಕಿಲೋಹರ್ಟ್ಸ್‌ನಲ್ಲಿ 21 ಮಿಲಿಸೆಕೆಂಡ್, ಅದೂ ಒಂದು ದಿಕ್ಕಿಗೆ. 256 ಎಂದರೆ ಸುಮಾರು 5. ಗಾಳಿಯಲ್ಲಿ ಸದ್ದು 10 ಮಿಲಿಸೆಕೆಂಡಿನಲ್ಲಿ ಮೂರೂವರೆ ಮೀಟರ್ ಸಾಗುತ್ತದೆ. ಹಾಗಾಗಿ 40 ಮಿಲಿಸೆಕೆಂಡ್ ತಡ ಎಂದರೆ ತಬಲಾದವರು ಸಭಾಂಗಣದ ಆಚೆ ತುದಿಯಲ್ಲಿ ಕೂತಂತೆ. ಬಫರ್ ಇಳಿಸಿದರೆ ತಡ ಕಡಿಮೆಯಾಗುತ್ತದೆ, ಹಳೆಯ ಲ್ಯಾಪ್‌ಟಾಪಾದರೆ ಚಟಪಟ ಸದ್ದು ಶುರುವಾಗುತ್ತದೆ. ಇದಕ್ಕಿಂತ ಸುಲಭದ ದಾರಿ ರೆಕಾರ್ಡರಿನ ಮೆನುವಿನಲ್ಲೇ ಇರುತ್ತದೆ: ಡೈರೆಕ್ಟ್ ಮಾನಿಟರ್. ಅದನ್ನು ಹಾಕಿದರೆ ನಿಮ್ಮ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರಿನ ಮಾನಿಟರ್ ಗುಂಡಿಯನ್ನು ಆರಿಸಲು ಮರೆಯಬೇಡಿ, ಇಲ್ಲವಾದರೆ ದನಿ ಎರಡೆರಡು ಸಲ ಕೇಳಿಸುತ್ತದೆ.

ಆನ್‌ಲೈನ್ ಪಾಠದವರಿಗೂ ಒಂದು ಮಾತು. ರೆಕಾರ್ಡರ್ ಮಾಡುವ ಝೂಮ್ 1983ರಲ್ಲಿ ಶುರುವಾದ ಜಪಾನಿನ ಕಂಪನಿ. ನಾವೆಲ್ಲ ಮೀಟಿಂಗ್ ಸೇರುವ ಝೂಮ್ ಅಮೆರಿಕದ್ದು, ಎರಡಕ್ಕೂ ಸಂಬಂಧವಿಲ್ಲ. ಝೂಮ್ ರೆಕಾರ್ಡರ್ ಹಾಕಿದರೆ ಝೂಮ್ ಕ್ಲಾಸ್ ತಾನಾಗಿ ಚೆನ್ನಾಗಿ ಬರುತ್ತದೆ ಎಂದು ನಂಬಿದವರನ್ನೂ ನೋಡಿದ್ದೇವೆ. ಮೀಟಿಂಗ್ ಆ್ಯಪ್ ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಎಂದು ತಿಳಿದು ಒರೆಸಿಹಾಕುತ್ತದೆ. ಶ್ರುತಿಪೆಟ್ಟಿಗೆಯೂ ಒಂದೇ ಸಮನೆ ಬರುವ ಸದ್ದೇ ತಾನೇ? ಎಷ್ಟು ಒಳ್ಳೆಯ ಮೈಕ್ ಇದ್ದರೂ ಶಿಷ್ಯರಿಗೆ ಶ್ರುತಿ ಕೇಳಿಸದಿರುವುದು ಇದರಿಂದ. ಆ್ಯಪ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗೆಂದು ಇರುವ ಒರಿಜಿನಲ್ ಸೌಂಡ್ ಆಯ್ಕೆಯನ್ನು ಹಾಕಿಕೊಳ್ಳಬೇಕು.

ಡೊಳ್ಳು ಕುಣಿತ ಹಿಡಿಯುವವರಿಗೆ ಇದ್ಯಾವುದೂ ಅಲ್ಲ, ಲೆವೆಲ್ ಮುಖ್ಯ. ಡೊಳ್ಳಿನ ಒಂದು ಪೆಟ್ಟು ಮೀಟರನ್ನು ತುದಿಗೆ ತಾಗಿಸಿದರೆ ಅಲ್ಲಿ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ, ಕಾರ್ಡ್ ಆದರೂ ಕಂಪ್ಯೂಟರ್ ಆದರೂ ಆ ಧ್ವನಿ ಮರಳಿ ಬರದು. ಅತಿ ಜೋರಿನ ಪೆಟ್ಟೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಟ್ಟುಕೊಳ್ಳಿ. 24 ಬಿಟ್‌ನಲ್ಲಿ ಹಿಡಿದಿದ್ದರೆ ಆಮೇಲೆ ಏರಿಸಿಕೊಳ್ಳಲು ಬೇಕಾದಷ್ಟು ಜಾಗ ಉಳಿದಿರುತ್ತದೆ.

‘ಗುಂ’ ಎಂಬ ಸದ್ದು, ಮತ್ತು ಅರ್ಥ್ ಪಿನ್

ಈ ವಿಷಯದಲ್ಲಿ ಇನ್ನೊಂದು ಫಾರ್ವರ್ಡ್ ಇದೆ, ಅದು ಜೀವಕ್ಕೇ ಅಪಾಯ. ಸಭಾಂಗಣದ ಮಿಕ್ಸರಿನಿಂದ ರೆಕಾರ್ಡರಿಗೆ ಒಂದು ತಂತಿ, ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಇನ್ನೊಂದು. ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿದೊಡನೆ ‘ಗುಂ’ ಎನ್ನುವ ಸದ್ದು ಶುರು. ಮಿಕ್ಸರೂ ಚಾರ್ಜರೂ ಬೇರೆ ಬೇರೆ ಸಾಕೆಟ್‌ಗಳ ಮೂಲಕ ನೆಲಕ್ಕೆ ತಾಗಿವೆ, ನಡುವೆ ನಮ್ಮ ತಂತಿಗಳು ಸೇರಿ ಒಂದು ಸುತ್ತು ಪೂರ್ತಿಯಾಗಿದೆ. ನಮ್ಮ ಮನೆಗಳ ಕರೆಂಟು ದಿಕ್ಕು ಬದಲಿಸುತ್ತ ಸೆಕೆಂಡಿಗೆ 50 ಆವರ್ತ ಪೂರೈಸುವಂಥದ್ದು. ಆ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಈ ಸುತ್ತಿನಲ್ಲಿ ಹರಿದು ಧ್ವನಿಯೊಳಗೆ ಸೇರುತ್ತವೆ.

ಚಾರ್ಜರಿನ ಅಥವಾ ಆ್ಯಂಪ್ಲಿಫೈಯರಿನ ಮೂರನೇ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂಬ ಉಪಾಯವನ್ನು ಹಂಚುವವರಿದ್ದಾರೆ. ಸದ್ದು ನಿಲ್ಲಬಹುದು. ಆದರೆ ಯಂತ್ರದೊಳಗೆ ಎಲ್ಲಾದರೂ ವಯರ್ ಕಿತ್ತು ಕರೆಂಟು ಲೋಹದ ಮೈಗೆ ಬಂದರೆ ಅದನ್ನು ನೆಲಕ್ಕೆ ಇಳಿಸುವ ದಾರಿ ಆ ಪಿನ್ ಒಂದೇ. ಅದಿಲ್ಲದಿದ್ದರೆ ದಾರಿ ಆಗುವುದು ಲೋಹದ ಮೈಕ್ ಹಿಡಿದು ಹಾಡುವವರ ದೇಹ, ಮಳೆಗಾಲದ ಒದ್ದೆ ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತಿದ್ದರಂತೂ ಹೇಳುವುದೇ ಬೇಡ. ದಯವಿಟ್ಟು ಈ ಉಪಾಯವನ್ನು ಯಾರಿಗೂ ಕಳಿಸಬೇಡಿ, ಕಳಿಸಿದ್ದರೆ ಅಳಿಸಿ.

ಮಾಡಬೇಕಾದ್ದು ಇಷ್ಟೇ: ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಹೆಚ್ಚಿನ ಸಲ ಸದ್ದು ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ಬಾಳದಿದ್ದರೆ ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿ ನೋಡಿ. ಮೈಕ್ ಅಂಗಡಿಗಳಲ್ಲಿ ಸಿಗುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಐ ಬಾಕ್ಸ್ ಕೊನೆಯ ಉಪಾಯ. ಲ್ಯಾಪ್‌ಟಾಪ್ ಬಿಟ್ಟು ಬ್ಯಾಟರಿ ಹಾಕಿದ ರೆಕಾರ್ಡರ್ ಒಂದನ್ನೇ ಬಳಸಿದರೆ ಈ ಸುತ್ತೇ ಹುಟ್ಟುವುದಿಲ್ಲ. ಕಾರ್ಯಕ್ರಮಗಳಿಗೆ ಕಾರ್ಡ್‌ನಲ್ಲೇ ಹಿಡಿಯಿರಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಫೋನಿಗೆ ಸಿಕ್ಕಿಸಬಹುದೇ?

ಬಹುಮಟ್ಟಿಗೆ ಹೌದು. ಆಂಡ್ರಾಯ್ಡ್ 5.0ರಿಂದ ಈಚೆಗೆ ಯುಎಸ್‌ಬಿ ಆಡಿಯೋಗೆ ವ್ಯವಸ್ಥೆ ಇದೆ, ಒಟಿಜಿ ಕೇಬಲ್ ಬೇಕು. ಆದರೆ ಎಲ್ಲ ಫೋನುಗಳಲ್ಲೂ ಒಂದೇ ರೀತಿ ನಡೆಯುವುದಿಲ್ಲ, ನಿಮ್ಮ ಫೋನಿನಲ್ಲೇ ಹಾಕಿ ನೋಡಬೇಕು. ರೆಕಾರ್ಡರಿಗೆ ಅದರದೇ ಬ್ಯಾಟರಿ ಹಾಕಿ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡುವ ಕೆಲಸವನ್ನೂ ಸೇರಿಸಿ ಎಲ್ಲ ಭಾರವನ್ನು ಫೋನಿನ ಮೇಲೆ ಹೊರಿಸಿದರೆ ಅದು ನಡುವೆಯೇ ಕೈಬಿಡುತ್ತದೆ. ಸ್ಟೀರಿಯೋ ಮೋಡ್ ಸಾಕು, ಫೋನಿನಲ್ಲಿ ಮಲ್ಟಿಟ್ರ್ಯಾಕ್‌ನ ಹಟ ಬೇಡ.

ನಮ್ಮ ಹಾಗೆ ರೆಕಾರ್ಡಿಂಗ್ ನಡುವೆ ಕಂಪ್ಯೂಟರ್ ಆರಿಹೋಗಿದ್ದರೆ, ಫೈಲ್ ಸೊನ್ನೆ ಗಾತ್ರ ತೋರಿಸುತ್ತಿದೆ ಎಂದು ಅಳಿಸಿಬಿಡಬೇಡಿ. ಆಡಾಸಿಟಿಯಂಥ ಸಾಫ್ಟ್‌ವೇರ್ ಮತ್ತೆ ತೆರೆದಾಗ ಉಳಿದ ತುಣುಕುಗಳನ್ನು ಜೋಡಿಸಿಕೊಡಲೇ ಎಂದು ಕೇಳುತ್ತದೆ, ಹೌದು ಎನ್ನಿ. ನಮ್ಮ ಹನ್ನೊಂದು ನಿಮಿಷ ಸಿಕ್ಕಿದ್ದು ಹಾಗೆಯೇ.

ಕೊನೆಗೆ ಫೈಲನ್ನು ಮನೆಯವರಿಗೆ ಕಳಿಸುವ ವಿಷಯ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಸ್ಪೀಕರಿನಲ್ಲಿ ಹಾಕಿ ಫೋನ್ ಹಿಡಿದು ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಮಾಡಿ ಕಳಿಸುವವರಿದ್ದಾರೆ. ಅಲ್ಲಿ ಅದು ಕುಗ್ಗಿ, ಪಟ್ಟ ಶ್ರಮವೆಲ್ಲ ಹೋಗುತ್ತದೆ. ಪಿನ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಫೈಲನ್ನು ಸೇರಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ, 2 ಜಿಬಿವರೆಗೂ.